ಕಿಟಕಿ ಮುಚ್ಚಲು ಎದ್ದವಳು

ಟೆನಿ ಮಾಸ್ಬಿ ಆರಾಧನೆಯಲ್ಲಿ ಕೂಗು ಹಾಕಿದಳೆಂದರೆ ಸೀಡರ್ ಫೋರ್ಕ್ ಊರಿನ ಹೇಸರಗತ್ತೆಗಳೂ ಕಿವಿ ನಿಗುರಿಸುತ್ತಿದ್ದವು. ಉತ್ಪ್ರೇಕ್ಷೆ ಎಂದು ನಗಬೇಡಿ, ಕೇಳಿದವರು ಇನ್ನೂ ಬದುಕಿದ್ದಾರೆ. ವಾರವಿಡೀ ಬಿಳಿಯರ ಮನೆಗಳ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಯಾರ ಮುಂದೆಯೂ ದನಿ ಎತ್ತದ ಆ ಹೆಂಗಸು ಭಾನುವಾರ ಪಾದ್ರಿಯ ಪ್ರಸಂಗ ಕಾವು ಹಿಡಿಯುತ್ತಿದ್ದಂತೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಹೊಟ್ಟೆಯ ಆಳದಿಂದ ಒಂದು ಕೂಗು ಹಾಕುತ್ತಿದ್ದಳು. ಅದರಲ್ಲಿ ಮಾತು ಇರುತ್ತಿರಲಿಲ್ಲ. ಮಡಿಲ ಕೂಸುಗಳು ಎಚ್ಚರವಾಗುತ್ತಿದ್ದವು, ತೂಕಡಿಸುತ್ತಿದ್ದ ಹಿರಿಯರು ನೆಟ್ಟಗಾಗುತ್ತಿದ್ದರು. ನಮ್ಮ ಅಲಬಾಮದ ಕರಿಯ ಬ್ಯಾಪ್ಟಿಸ್ಟರಲ್ಲಿ ದೇವರ ಮನೆಯಲ್ಲಿ ಕೂಗುವುದು ಮರ್ಯಾದೆಗೇಡಲ್ಲ. ಕೂಗದವರನ್ನೇ ಜನ ಅನುಮಾನದಿಂದ ನೋಡುತ್ತಾರೆ.

ಅಂಥ ತಾಯಿಗೆ ಹುಟ್ಟಿದ ಒಬ್ಬಳೇ ಮಗಳು ಆರ್ಡೀಲಿಯ. ಅವಳು ಕೂಗಲಿಲ್ಲ, ಅಳಲಿಲ್ಲ, ಬೆಂಚು ಬಿಟ್ಟು ಏಳಲೂ ಇಲ್ಲ.

ಬೆಂಚಿನ ಸಂಗತಿ ಹೀಗೆ. ನಮ್ಮಲ್ಲಿ ಕೂಸಿನ ತಲೆಗೆ ನೀರು ಚಿಮುಕಿಸಿ ಕ್ರೈಸ್ತರನ್ನಾಗಿ ಮಾಡುವ ರೂಢಿ ಇಲ್ಲ. ಬುದ್ಧಿ ಬಂದ ಮೇಲೆ, ತಾನೇ ನಂಬಿ, ತನ್ನ ಬಾಯಲ್ಲೇ ಹೇಳಿ, ತನ್ನ ಕಾಲ ಮೇಲೇ ನೀರಿಗಿಳಿದು ಪೂರ್ತಿ ಮುಳುಗಿ ಏಳಬೇಕು. ಹತ್ತಿ ಹೊಲದ ಕೆಲಸ ತಗ್ಗಿದ ಆಗಸ್ಟ್ ತಿಂಗಳಲ್ಲಿ ನಂಬಿಕೆಗೆ ಮತ್ತೆ ಜೀವ ತುಂಬುವ ಉಜ್ಜೀವನ ಕೂಟ ನಡೆಯುತ್ತದೆ. ಹನ್ನೆರಡು ತುಂಬಿದ ಮಕ್ಕಳನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಅದಕ್ಕೆ ಅಳುವ ಬೆಂಚು ಎಂದೇ ಹೆಸರು. ಸುತ್ತ ದೊಡ್ಡವರು ಹಾಡಿ, ಪ್ರಾರ್ಥಿಸಿ, ಅತ್ತು ಕರೆಯುತ್ತಾರೆ. ದೇವರು ತನ್ನನ್ನು ಮುಟ್ಟಿದ ಎಂದು ಯಾರಿಗೆ ಅನ್ನಿಸುತ್ತದೋ ಅವರು ಎದ್ದು ನಿಲ್ಲುತ್ತಾರೆ. ಎದ್ದವರು ತಾವು ಏನು ಕಂಡೆವೆಂದು ಸಭೆಯ ಮುಂದೆ ಹೇಳಬೇಕು. ಟೆನಿ ತನ್ನ ಕಾಲದಲ್ಲಿ ಬೆಳ್ಳಿಚುಕ್ಕಿ ಮೂರು ಸಲ ಬಾಗಿದ್ದನ್ನು ಕಂಡಿದ್ದಳಂತೆ. ಆರ್ಡೀಲಿಯಳ ದೊಡ್ಡಪ್ಪನ ಮಗನಿಗೆ ಜೋಳದ ಕಣಜದಲ್ಲಿ ಯಾರೋ ಹೆಸರು ಹಿಡಿದು ಕರೆದಿದ್ದರಂತೆ.

ಆರ್ಡೀಲಿಯ ಮೊದಲ ವರ್ಷ ಬೆಂಚಿನಲ್ಲಿ ಕೂತಾಗ ಟೆನಿ ಬಿಳೀ ಹಿಟ್ಟಿನ ಚೀಲಗಳನ್ನು ಬಿಚ್ಚಿ ದೀಕ್ಷಾಸ್ನಾನದ ನಿಲುವಂಗಿ ಹೊಲಿದಿಟ್ಟಳು. ನೀರಿನಲ್ಲಿ ಲಂಗ ತೇಲಬಾರದೆಂದು ಅಂಚಿನೊಳಗೆ ಹಳ್ಳದ ಸಣ್ಣ ಕಲ್ಲುಗಳನ್ನು ಸೇರಿಸಿದಳು. ಹುಡುಗಿ ಆ ವರ್ಷ ಏಳಲಿಲ್ಲ. ಮರುವರ್ಷಕ್ಕೆ ಅವಳು ಎತ್ತರವಾಗಿದ್ದಳು. ಟೆನಿ ಅಂಚು ಬಿಚ್ಚಿ ಒಂದು ಪಟ್ಟಿ ಬಟ್ಟೆ ಸೇರಿಸಿದಳು. ಅದರ ಮರುವರ್ಷ ಇನ್ನೊಂದು ಪಟ್ಟಿ.

"ಸುಮ್ನೆ ಎದ್ಬಿಡೇ. ಬೆಂಚು ಸವೆದುಹೋಯ್ತು," ಎಂದ ದೊಡ್ಡಪ್ಪನ ಮಗ.

"ಎದ್ದು ಏನು ಹೇಳ್ಲಿ?"

"ನಕ್ಷತ್ರ ಕಂಡೆ ಅನ್ನು. ಯಾರು ಹೋಗಿ ಕೇಳ್ತಾರೆ ನಕ್ಷತ್ರಾನ?"

"ನಾನು ಕಂಡಿದ್ದು ನಿನ್ನ ಮೂಗಿನ ಮೇಲಿದ್ದ ನೊಣ," ಎಂದಳು ಆರ್ಡೀಲಿಯ. ಹಟವಲ್ಲ ಅದು. ದೇವರು ಬರಬೇಕೆಂದು ಅವಳಿಗೂ ಆಸೆಯಿತ್ತು. ಬಂದ ಎಂದು ಸುಳ್ಳು ಹೇಳುವುದಕ್ಕೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಆಮೇಲೆ ಅವಳು ಓದಲು ಮೌಂಟ್ ನೀಬೊ ಬ್ಯಾಪ್ಟಿಸ್ಟ್ ಕಾಲೇಜಿಗೆ ಹೋದಳು. ಕೆಂಪು ಮಣ್ಣಿನ ಗುಡ್ಡ, ಪೈನ್ ಮರಗಳು, ನಮ್ಮ ಅಜ್ಜಂದಿರೇ ಸುಟ್ಟ ಇಟ್ಟಿಗೆಯ ಮೂರು ಕಟ್ಟಡ. ಗುಲಾಮಗಿರಿಯಿಂದ ಬಿಡುಗಡೆಯಾದವರು ಕೋಳಿಮೊಟ್ಟೆ ಮಾರಿ ಕಟ್ಟಿದ ಕಾಲೇಜು ಎಂದು ಹೇಳಿಕೊಳ್ಳುವಾಗ ಈಗಲೂ ನಮ್ಮ ಎದೆ ಉಬ್ಬುತ್ತದೆ, ಉಬ್ಬಲಿ ಬಿಡಿ. ಬೆಳಗಾಗುತ್ತಿದ್ದಂತೆ ಗಂಟೆ, ಆಮೇಲೆ ಪ್ರಾರ್ಥನಾಮಂದಿರ, ಆಮೇಲೆ ಜೋಳದ ಗಂಜಿ ಮತ್ತು ಕಾಕಂಬಿ. ಹುಡುಗರು ನಡೆಯುವ ದಾರಿ ಬೇರೆ, ಹುಡುಗಿಯರು ನಡೆಯುವ ದಾರಿ ಬೇರೆ. ಎರಡು ದಾರಿಗಳೂ ಸೇರುವ ಊಟದ ಮನೆಯ ಮೆಟ್ಟಿಲ ಮೇಲೆ ಹಾಸ್ಟೆಲಿನ ಮೇಲ್ವಿಚಾರಕಿ ಕೊಡೆ ಹಿಡಿದು ನಿಂತಿರುತ್ತಿದ್ದಳು, ಮಳೆ ಇರಲಿ ಬಿಡಲಿ. ಪಾದ್ರಿಯಾಗಲು ಓದುತ್ತಿದ್ದ ಹುಡುಗರು ಹಿತ್ತಲಿನ ಪೈನ್ ಮರಗಳಿಗೆ ಪ್ರಸಂಗ ಮಾಡಿ ಅಭ್ಯಾಸ ಮಾಡುತ್ತಿದ್ದರು. ಆ ಮರಗಳಷ್ಟು ದೇವರ ವಾಕ್ಯ ಕೇಳಿದ ಮರಗಳು ಅಮೆರಿಕದ ದಕ್ಷಿಣದಲ್ಲಿ ಬೇರೆಲ್ಲೂ ಇರಲಾರವು.

ಫೀಸು ಕಟ್ಟಲಾಗದವರಿಗೆ ಕಾಲೇಜಿನಲ್ಲೇ ಒಂದೊಂದು ಕೆಲಸ. ಆರ್ಡೀಲಿಯಳಿಗೆ ಸಿಕ್ಕಿದ್ದು ಪ್ರಾರ್ಥನಾಮಂದಿರ: ನೆಲ ಗುಡಿಸುವುದು, ಬೆಂಚು ಒರೆಸುವುದು, ಕಿಟಕಿ ತೆಗೆದು ಮುಚ್ಚುವುದು. ಅದರಲ್ಲೂ ಪಿಯಾನೋ ಪಕ್ಕದ ದೊಡ್ಡ ಕಿಟಕಿ. ಅದರ ಕೊಂಡಿ ಸಡಿಲ, ಗಾಳಿ ಬಂದರೆ ತಾನೇ ತೆರೆದುಕೊಳ್ಳುತ್ತಿತ್ತು. ಹಳೆಯ ಪಿಯಾನೋ ಒಮ್ಮೆ ನೆನೆದು ಹಾಳಾಗಿ, ಊರೂರಿನ ಮಹಿಳಾ ಸಂಘಗಳು ಕಾಸಿಗೆ ಕಾಸು ಕೂಡಿಸಿ ಹೊಸದು ಕೊಡಿಸಿದ್ದವು. "ಈ ಪಿಯಾನೋಗೆ ಒಂದು ಹನಿ ನೀರು ಬಿದ್ರೆ ನಿನ್ನನ್ನೇ ಹಿಡ್ಕೊಂಡು ಕೇಳ್ತೀನಿ," ಎಂದಿದ್ದರು ಪ್ರಿನ್ಸಿಪಾಲ್ ಗೇನ್ಸ್. ಅಂದಿನಿಂದ ಮೋಡ ಗುಡುಗಿದರೆ ಸಾಕು, ಆರ್ಡೀಲಿಯ ತರಗತಿಯಿಂದಲೂ ಎದ್ದು ಓಡುತ್ತಿದ್ದಳು.

ಪ್ರಿನ್ಸಿಪಾಲ್ ಗೇನ್ಸ್ ಎತ್ತರದ ಆಸಾಮಿ, ಕಪ್ಪು ಕೋಟು, ನಗು ಅಪರೂಪ. ಸತ್ಯವೇದದ ತರಗತಿಯನ್ನು ತಾವೇ ತೆಗೆದುಕೊಳ್ಳುತ್ತಿದ್ದರು. "ಅಪ್ಪನ ಕೋಟು ಮಗನಿಗೆ ಬರಬಹುದು. ಅಪ್ಪನ ನಂಬಿಕೆ ಬರೋದಿಲ್ಲ. ಅದನ್ನ ಪ್ರತಿಯೊಬ್ಬನೂ ತಾನೇ ಹೊಲಿಸ್ಕೋಬೇಕು," ಎಂದು ಮೇಜು ಕುಟ್ಟುತ್ತಿದ್ದರು. ಆರ್ಡೀಲಿಯ ಅದನ್ನು ಕೇಳಿಸಿಕೊಂಡು ಸುಮ್ಮನೆ ಕೂರುತ್ತಿದ್ದಳು. ಅವಳ ಕೋಟು ಇನ್ನೂ ದರ್ಜಿಯ ಅಂಗಡಿಯಲ್ಲೇ ಇತ್ತು.

ಅವಳ ಕೋಣೆಯ ಗೆಳತಿ ಕ್ಲೋಟೀಲ್ ಬಾಯಿಬಡುಕಿ, ದುಂಡಗಿನ ಹುಡುಗಿ, ಊಟದ ಗಂಟೆಗೆ ಮೊದಲೇ ತಟ್ಟೆ ಹಿಡಿಯುವವಳು. ಒಂದು ದಿನ ಮಂದಿರಕ್ಕೆ ಬಂದವಳು ಬಾಗಿಲಲ್ಲೇ ನಿಂತಳು. ಒಳಗೆ ಆರ್ಡೀಲಿಯ ಒಬ್ಬಳೇ, ಪೊರಕೆ ಹಿಡಿದು ಸೂರಿನತ್ತ ಮುಖಮಾಡಿ ಜಗಳವಾಡುತ್ತಿದ್ದಳು. "ಬರೋದಾದ್ರೆ ಬಾ. ಬರಲ್ಲ ಅಂದ್ರೆ ಬರಲ್ಲ ಅಂತ ಹೇಳು. ಹಿಂಗೆ ಸತಾಯಿಸ್ಬೇಡ. ನಮ್ಮಮ್ಮನ ಮುಖ ನೋಡೋಕಾಗ್ತಿಲ್ಲ ನನ್ನ ಕೈಲಿ."

"ಯಾರ ಜೊತೆ ಮಾತಾಡ್ತಿದ್ದೀಯೇ?" ಎಂದಳು ಕ್ಲೋಟೀಲ್.

"ಯಾರ ಜೊತೇನೂ ಇಲ್ಲ," ಎಂದು ಆರ್ಡೀಲಿಯ ಮತ್ತೆ ಗುಡಿಸತೊಡಗಿದಳು.

ಕಾಲೇಜಿನಲ್ಲೂ ಪ್ರತಿ ಮಾರ್ಚ್‌ನಲ್ಲಿ ಉಜ್ಜೀವನ ವಾರ ನಡೆಯುತ್ತಿತ್ತು, ಅಲ್ಲೂ ಮುಂದೆ ಒಂದು ಬೆಂಚು. ಮೊದಲ ವರ್ಷ ಅದರಲ್ಲಿ ಜಾಗವಿಲ್ಲದೆ ಒತ್ತಿಕೊಂಡು ಕೂತಿದ್ದರು. ವರ್ಷ ಕಳೆದಂತೆ ಒಬ್ಬೊಬ್ಬರೇ ಎದ್ದರು, ಮುಳುಗಿದರು, ಹಿಂದಿನ ಸಾಲಿಗೆ ಹೋದರು. ಐವತ್ತನಾಲ್ಕನೇ ಇಸವಿಯ ಮಾರ್ಚ್‌ಗೆ ಉದ್ದನೆಯ ಬೆಂಚಿನಲ್ಲಿ ಉಳಿದವಳು ಕೊನೆಯ ವರ್ಷದ ಆರ್ಡೀಲಿಯ ಮಾಸ್ಬಿ ಒಬ್ಬಳೇ.

ಅಬ್ಬಬ್ಬಾ, ಆ ವಾರ! ಇಡೀ ಕಾಲೇಜೇ ಅವಳ ಬೆನ್ನಿಗೆ ಬಿತ್ತು. ಪಾದ್ರಿ ಹುಡುಗರು ಅವಳಿಗಾಗಿ ಪ್ರಾರ್ಥಿಸಲು ಸಾಲುಗಟ್ಟಿದರು. ಒಬ್ಬನಂತೂ ಬಾಯಿಬಿಟ್ಟು ಹೇಳಿಯೇಬಿಟ್ಟ: "ಆರ್ಡೀಲಿಯ, ನೀನು ನನ್ನ ಪ್ರಾರ್ಥನೆಗೆ ಎದ್ದೆ ಅಂದ್ರೆ ಪಾದ್ರಿ ಕೆಲಸಕ್ಕೆ ನನಗೊಂದು ಒಳ್ಳೇ ಸಭೆ ಸಿಗುತ್ತೆ ಕಣೆ. ಸ್ವಲ್ಪ ಯೋಚನೆ ಮಾಡು." ಹುಡುಗಿಯರು ಅವಳ ಹೆಸರಲ್ಲಿ ಉಪವಾಸ ಹಿಡಿದರು. ಬುಧವಾರ ಕರಿದ ಕೋಳಿಯ ದಿನ, ಅದನ್ನೂ ಬಿಟ್ಟರು.

"ನಿನ್ನ ಆತ್ಮದ ರಕ್ಷಣೆ ನನಗೆ ತುಂಬಾ ದುಬಾರಿ ಬೀಳ್ತಿದೆ ಮಾರಾಯ್ತಿ," ಎಂದು ಹೊಟ್ಟೆ ಹಿಡಿದುಕೊಂಡಳು ಕ್ಲೋಟೀಲ್. "ಕೋಳಿ ಕಾಲು ಕಣೇ! ಎರಡು! ಇದನ್ನ ನೀನು ಒಂದಿನ ತೀರಿಸ್ಬೇಕು."

"ತಿನ್ನು ಹೋಗೇ. ನೀನು ಹಸ್ಕೊಂಡ್ರೆ ದೇವರು ಹೆದರ್ತಾನಾ?"

"ಹೆದರಲ್ಲ. ನಾಚ್ಕೋಬಹುದು ಅಂತ."

ಗುರುವಾರ ಪ್ರಿನ್ಸಿಪಾಲರು ಅವಳನ್ನು ಕೋಣೆಗೆ ಕರೆಸಿದರು. ಸೀಡರ್ ಫೋರ್ಕಿನಲ್ಲಿ ಬ್ಯಾಪ್ಟಿಸ್ಟ್ ಸಂಘ ಹೊಸ ಶಾಲೆ ತೆರೆಯುತ್ತಿತ್ತು, ಟೀಚರ್ ಕೆಲಸಕ್ಕೆ ಅವರು ಅವಳ ಹೆಸರನ್ನೇ ಹೇಳಿದ್ದರು. ತಾಯಿಯ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ.

"ಆದ್ರೆ ದೀಕ್ಷೆ ಆದವರೇ ಬೇಕು ಅಂತಾರೆ," ಎಂದರು. "ನಾನು ಒತ್ತಾಯ ಮಾಡ್ತಿಲ್ಲ. ಇರೋದನ್ನ ಹೇಳ್ದೆ. ಮತ್ತೆ, ನಾಳೆ ಕೊನೇ ಕೂಟ. ನಿಮ್ಮಮ್ಮನಿಗೆ ಬರೋಕೆ ಹೇಳಿ ಕಳಿಸಿದ್ದೀನಿ."

ಆರ್ಡೀಲಿಯ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ತಾಯಿ ಬಂದರೆ ಬರಿಗೈಯಲ್ಲಿ ಬರುವವಳಲ್ಲ.

ಬರಿಗೈಯಲ್ಲಿ ಬರಲೂ ಇಲ್ಲ. ಶುಕ್ರವಾರ ಮಧ್ಯಾಹ್ನ ಬಸ್ಸಿಳಿದ ಟೆನಿಯ ಕಂಕುಳಲ್ಲಿ ಕಾಗದ ಸುತ್ತಿದ ಗಂಟು. "ಇನ್ನೊಂದು ಪಟ್ಟಿ ಹಾಕಿದ್ದೀನಿ," ಎಂದಳು ಮಗಳ ಕೆನ್ನೆ ಸವರಿ. "ನೀನು ಈಗ ಬೆಳೆಯೋದು ನಿಲ್ಸಿದ್ದೀಯ ಅಂದ್ಕೋತೀನಿ. ನನ್ನ ಹತ್ರ ಬಟ್ಟೆ ಮುಗೀತು." ನಕ್ಕಳು. ಕಣ್ಣು ಮಾತ್ರ ನಗುತ್ತಿರಲಿಲ್ಲ, ಬೇಡುತ್ತಿತ್ತು.

ಕೂಟಕ್ಕೆ ಮಂದಿರ ತುಂಬಿತು. ವೇದಿಕೆಯ ಹಲಗೆಗಳನ್ನು ಎತ್ತಿ, ಕೆಳಗಿನ ದೀಕ್ಷಾಸ್ನಾನದ ತೊಟ್ಟಿಗೆ ನೀರು ತುಂಬಿಸಿ ಇಟ್ಟಿದ್ದರು. ಮುಂದೆ ಉದ್ದನೆಯ ಬೆಂಚು, ನಡುವೆ ಒಬ್ಬಳೇ ಹುಡುಗಿ. ಹಿಂದಿನ ಸಾಲಿನಲ್ಲೇ ತಾಯಿ, ತೊಡೆಯ ಮೇಲೆ ಗಂಟು. ಮಾಂಟ್ಗಮರಿಯಿಂದ ಬಂದಿದ್ದ ಅತಿಥಿ ಪಾದ್ರಿ ಹೆಸರಾಂತ ಮಾತುಗಾರ. ಅವನ ಪ್ರಸಂಗಕ್ಕೆ ಕಲ್ಲೂ ಎದ್ದು ನಿಲ್ಲುತ್ತದೆ ಎನ್ನುತ್ತಿದ್ದರು. ಅವನು ಬೆವರು ಒರೆಸಿಕೊಂಡು, ದನಿ ಏರಿಸಿ, ಇಳಿಸಿ, ಕೊನೆಗೆ ಪಿಸುಮಾತಿಗೆ ಬಂದ. ಹೊರಗೆ ಗಾಳಿ ಎದ್ದಿತ್ತು. "ಯಾರು ಏಳ್ತೀರಿ?" ಎಂದು ಕೇಳಿ ಅವನು ಸುಮ್ಮನಾದ.

ಆಗ ಮಳೆ ಬಂತು.

ಪಿಯಾನೋ ಪಕ್ಕದ ಕಿಟಕಿ ಧಡಾರನೆ ತೆರೆದುಕೊಂಡಿತು. ಓರೆಯಾಗಿ ನುಗ್ಗಿದ ಮಳೆ ನೇರ ಪಿಯಾನೋ ಮೇಲೆ. ನಾಲ್ಕು ವರ್ಷದ ಅಭ್ಯಾಸ, ಕಾಲು ಯಾರ ಮಾತೂ ಕೇಳಲಿಲ್ಲ. ಆರ್ಡೀಲಿಯ ಎದ್ದು ನಿಂತಳು.

ಅಯ್ಯೋ ದೇವರೇ, ಅಲ್ಲಿಂದ ಮುಂದೆ ನಡೆದದ್ದನ್ನು ಹೇಗೆ ಹೇಳುವುದು! ಇಡೀ ಮಂದಿರ ಒಮ್ಮೆಲೇ ಸಿಡಿಯಿತು. "ಎದ್ಲು! ಎದ್ಲು!" ಸಭೆಯ ಹಿರಿಯ ತಾಯಂದಿರು ಬೀಸಣಿಗೆ ಎಸೆದರು. ಅತಿಥಿ ಪಾದ್ರಿ ವೇದಿಕೆಯಿಂದ ಹಾರಿದ, ತೊಟ್ಟಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಕ್ಲೋಟೀಲ್ ಬೆಂಚಿನ ಮೇಲೇ ಹತ್ತಿ ಕುಣಿದಳು. ಒಳ್ಳೇ ಸಭೆ ಬಯಸಿದ್ದ ಆ ಹುಡುಗ "ನನ್ನ ಪ್ರಾರ್ಥನೆ! ನನ್ನ ಪ್ರಾರ್ಥನೆ!" ಎಂದು ಎಲ್ಲರಿಗೂ ಕೇಳುವಂತೆ ಅಳುತ್ತಿದ್ದ. ಇವೆಲ್ಲದರ ಮೇಲೆ, ಇವೆಲ್ಲವನ್ನೂ ಮುಳುಗಿಸಿ, ಟೆನಿ ಮಾಸ್ಬಿಯ ಕೂಗು ಎದ್ದಿತು. ಮಗಳು ಹುಟ್ಟಿದಂದಿನಿಂದ ಕೇಳಿದ ಕೂಗುಗಳಲ್ಲಿ ಇಷ್ಟು ದೊಡ್ಡದು ಇರಲಿಲ್ಲ.

"ಪಿಯಾನೋ!" ಎಂದಳು ಆರ್ಡೀಲಿಯ. ಯಾರಿಗೆ ಕೇಳಬೇಕು? ಹತ್ತು ಕೈಗಳು ಅವಳನ್ನು ಅಪ್ಪಿದ್ದವು, ಕಿಟಕಿಯತ್ತ ಒಂದು ಹೆಜ್ಜೆ ಇಡಲೂ ದಾರಿಯಿಲ್ಲ. ತಾಯಿ ಟೋಪಿ ಕಳೆದುಕೊಂಡು, ಮುಖವೆಲ್ಲ ಒದ್ದೆಯಾಗಿ, ನಿಲುವಂಗಿಯ ಗಂಟನ್ನು ಮಗಳ ಎದೆಗೆ ಒತ್ತಿ ಹಿಡಿದಿದ್ದಳು. "ನನ್ನ ತಾಯೇ, ನನ್ನ ಬಂಗಾರ, ಬಂದ್ಯಾ! ಕೊನೆಗೂ ಬಂದ್ಯಾ!"

ಗದ್ದಲ ನಿಧಾನವಾಗಿ ಇಳಿಯಿತು. ಅತಿಥಿ ಪಾದ್ರಿ ಅವಳನ್ನು ಸಭೆಯ ಕಡೆ ತಿರುಗಿಸಿದ. ಸಾಕ್ಷಿ ಹೇಳುವ ಹೊತ್ತು. "ಹೇಳು ಮಗಳೇ. ಏನು ಕಂಡೆ?"

ಆರ್ಡೀಲಿಯ ತಾಯಿಯ ಮುಖ ನೋಡಿದಳು. ಒಂದು ನಕ್ಷತ್ರ ಸಾಕಾಗಿತ್ತು. ಒಂದು ದನಿ, ಒಂದು ಬೆಳಕು, ಏನಾದರೂ ಒಂದು. ಯಾರು ಹೋಗಿ ಕೇಳುತ್ತಿದ್ದರು? ಶಾಲೆ ಸಿಗುತ್ತಿತ್ತು, ತಾಯಿ ಸಾಯುವವರೆಗೂ ಸುಖವಾಗಿರುತ್ತಿದ್ದಳು, ಎಲ್ಲರೂ ಊಟಕ್ಕೆ ಹೋಗುತ್ತಿದ್ದರು. ಅವಳ ಕೈ ತಾಯಿಯ ಕೈಯಲ್ಲಿತ್ತು. ಆ ಕೈಯ ಚರ್ಮ ಸೋಪಿನ ನೀರಿಗೆ ಬಿರುಕುಬಿಟ್ಟಿತ್ತು.

"ಏನೂ ಕಾಣ್ಲಿಲ್ಲ ಸಾರ್," ಎಂದಳು. ದನಿ ಕೊನೆಯ ಸಾಲಿನವರೆಗೂ ಕೇಳಿಸಿತು. "ಮಳೆ ಒಳಗೆ ಬಂತು. ಪಿಯಾನೋ ನೆನೀತಿದೆ. ಕಿಟಕಿ ಮುಚ್ಚೋದು ನನ್ನ ಕೆಲಸ, ಅದಕ್ಕೆ ಎದ್ದೆ. ಅಮ್ಮಾ, ತಪ್ಪು ತಿಳ್ಕೋಬೇಡಮ್ಮಾ. ಅಷ್ಟೇ."

ಮಳೆಯ ಹನಿಗಳು ಪಿಯಾನೋ ಮೇಲೆ ಬೀಳುವ ಸದ್ದು ಈಗ ಎಲ್ಲರಿಗೂ ಕೇಳಿಸಿತು. ಹಿಂದೆ ಯಾರೋ ಕಿಸಕ್ಕೆಂದು ನಕ್ಕು, ಪಕ್ಕದವಳಿಂದ ಮೊಣಕೈ ತಿವಿತ ತಿಂದರು. ಅತಿಥಿ ಪಾದ್ರಿಯ ಮುಖ ಕಪ್ಪಿಟ್ಟಿತು. "ಇವಳ ಹೃದಯ ಕಲ್ಲಾಗಿದೆ. ಸೈತಾನ ಇವಳ ನಾಲಿಗೆ ಹಿಡ್ಕೊಂಡಿದ್ದಾನೆ," ಎಂದ.

ಪ್ರಿನ್ಸಿಪಾಲ್ ಗೇನ್ಸ್ ತಮ್ಮ ಕುರ್ಚಿಯಿಂದ ಎದ್ದರು. "ಮೊದಲು ಹೋಗಿ ಕಿಟಕಿ ಮುಚ್ಚಮ್ಮ," ಎಂದರು.

ಜನ ದಾರಿ ಬಿಟ್ಟರು. ಆರ್ಡೀಲಿಯ ಕಿಟಕಿ ಮುಚ್ಚಿ, ಕೊಂಡಿ ಸಿಕ್ಕಿಸಿ, ಲಂಗದ ಅಂಚಿನಿಂದ ಪಿಯಾನೋ ಒರೆಸಿದಳು. ಅವಳು ಒರೆಸಿ ಮುಗಿಸುವವರೆಗೂ ಪ್ರಿನ್ಸಿಪಾಲರು ಕಾದರು. ಆಮೇಲೆ ಸಭೆಯ ಕಡೆ ತಿರುಗಿದರು.

"ನಮ್ಮ ಅಜ್ಜನ ಕಾಲದಲ್ಲಿ ಧಣಿ ಹೇಳ್ದಾಗ ಮುಳುಗ್ತಿದ್ವಿ, ಧಣಿ ಹೇಳ್ದಾಗ ಆಮೆನ್ ಅಂತಿದ್ವಿ. ಬಿಡುಗಡೆ ಆದ ಮೇಲೆ ನಮ್ಮಜ್ಜ ಮತ್ತೆ ಮುಳುಗೋಕೆ ನದಿಗೆ ಹೋದ. ಯಾಕಯ್ಯಾ, ನಿನಗೆ ಆಗಲೇ ದೀಕ್ಷೆ ಆಗಿದ್ಯಲ್ಲ ಅಂದ್ರೆ, ಅದು ಧಣಿಗೋಸ್ಕರ ಆಗಿದ್ದು, ಇದು ನನಗೋಸ್ಕರ ಅಂದ. ಅದಕ್ಕೇ ಈ ಕಾಲೇಜು ಕಟ್ಟಿದ್ದು. ನೀವು ಇಷ್ಟು ಜನ ಸೇರಿ, ಹಾಡಿ, ಅತ್ತು, ಕೂಗಿದ್ರೂ ಈ ಹುಡುಗಿ ಇಲ್ಲದ್ದನ್ನ ಇದೆ ಅನ್ಲಿಲ್ಲ. ನಾನು ಇಷ್ಟು ವರ್ಷ ಪಾಠ ಹೇಳಿದ್ದು ಒಬ್ಬಳಿಗಾದ್ರೂ ಅರ್ಥ ಆಯ್ತಲ್ಲ. ಈಗ ಎಲ್ರೂ ಊಟಕ್ಕೆ ನಡೀರಿ."

ತಾಯಿ ಮಗಳು ಬಸ್ಸಿನ ನಿಲ್ದಾಣಕ್ಕೆ ನಡೆದರು. ಮಳೆ ನಿಂತಿತ್ತು. ಗಂಟು ಮತ್ತೆ ಟೆನಿಯ ಕಂಕುಳಲ್ಲಿತ್ತು.

"ನಾಚಿಕೆ ಆಯ್ತಾ ಅಮ್ಮ?"

"ನಾಚಿಕೆನಾ?" ಟೆನಿ ನಿಂತುಬಿಟ್ಟಳು. "ವಾರಕ್ಕೆ ಆರು ದಿನ ಬಿಳಿಯರ ಹಿತ್ತಲಲ್ಲಿ ಇಲ್ಲದ ನಗು ನಗ್ತೀನಿ ಕಣೇ ನಾನು. ಹೌದಮ್ಮ, ಸರಿಯಮ್ಮ, ತುಂಬಾ ಸಂತೋಷ ಅಮ್ಮ. ಒಳಗೆ ಉರೀತಿರುತ್ತೆ. ನಿಜ ಆಡೋಕೆ ಅಂತ ನಮಗಿರೋದು ಆ ದೇವರ ಮನೆ ಒಂದೇ. ಅಲ್ಲಿ ನನ್ನ ಮಗಳು ನಿಜ ಆಡಿದ್ಲು, ಅಷ್ಟು ಜನರ ಎದುರಿಗೆ, ನನ್ನ ಕೈ ಹಿಡ್ಕೊಂಡು. ನಾಚಿಕೆ ಅಂತೆ!" ಸೆರಗಿನಂತೆ ಹೊದ್ದಿದ್ದ ಶಾಲಿನಿಂದ ಮೂಗು ಒರೆಸಿಕೊಂಡಳು. "ಆದ್ರೆ ನನ್ನದೊಂದು ಕೂಗು ದಂಡ ಆಯ್ತು ನೋಡು. ಅಷ್ಟು ದೊಡ್ಡದು, ಕಿಟಕಿ ಮುಚ್ಚೋಕೆ ಎದ್ದವಳಿಗೆ! ಇನ್ನು ನಾನು ಸುಮ್ಸುಮ್ನೆ ಕೂಗಲ್ಲ. ನೀನು ನೀರಿಂದ ಏಳೋ ದಿನಕ್ಕೆ ಅಂತ ಎತ್ತಿಡ್ತೀನಿ."

"ಆ ದಿನ ಬರದೇ ಹೋದ್ರೆ?"

"ನನ್ನ ಗಂಟಲು, ನನ್ನಿಷ್ಟ," ಎಂದು ಟೆನಿ ಬಸ್ಸು ಹತ್ತಿ ಕರಿಯರಿಗೆಂದು ಬಿಟ್ಟಿದ್ದ ಹಿಂದಿನ ಸೀಟಿಗೆ ಹೋದಳು.

ಸೀಡರ್ ಫೋರ್ಕಿನ ಶಾಲೆ ಆರ್ಡೀಲಿಯಳಿಗೆ ಸಿಗಲಿಲ್ಲ, ಮೂರ್ಛೆ ಹೋಗಿ ಎದ್ದು ಸಾಕ್ಷಿ ಹೇಳಿದ್ದ ಇನ್ನೊಬ್ಬಳಿಗೆ ಸಿಕ್ಕಿತು. ಆರ್ಡೀಲಿಯ ದೂರದ ಸರ್ಕಾರಿ ಶಾಲೆಗೆ ಹೋದಳು. ಒಂದೇ ಕೋಣೆ, ಸೋರುವ ಸೂರು, ಬಿಳಿಯ ಮಕ್ಕಳು ಓದಿ ಬಿಸಾಕಿದ ಪುಸ್ತಕ. ಪರರ ಮನೆಯಲ್ಲಿ ಊಟ ವಸತಿ. ಎಷ್ಟೋ ವರ್ಷ ಅಲ್ಲಿ ಸವೆದ ಮೇಲೆ ಊರಿಗೆ ವರ್ಗವಾಗಿ ಬಂದಳು. ಈಗ ನಮ್ಮ ಜಿಲ್ಲೆಯಲ್ಲಿ ನಡುವಯಸ್ಸು ದಾಟಿದ ಯಾರೇ ತಪ್ಪಿಲ್ಲದೆ ನಾಲ್ಕು ಸಾಲು ಓದಿದರೆ, ಅವರು ಮಾಸ್ಬಿ ಟೀಚರ್ ಕೈಕೆಳಗೆ ಕಲಿತವರು ಎಂದು ಕಣ್ಣುಮುಚ್ಚಿ ಹೇಳಬಹುದು. ಮಕ್ಕಳು ಸುಳ್ಳು ಹೇಳಿ ಸಿಕ್ಕಿಬಿದ್ದರೆ ತಾಯಂದಿರು ಹೊಡೆಯುತ್ತಿರಲಿಲ್ಲ. "ನಡಿ, ಇದನ್ನೇ ಟೀಚರ್ ಮುಂದೆ ಹೇಳುವೆಯಂತೆ," ಎನ್ನುತ್ತಿದ್ದರು. ಅಷ್ಟರಲ್ಲಿ ನಿಜ ಹೊರಬರುತ್ತಿತ್ತು.

ಅವಳು ಮದುವೆಯಾಗಲಿಲ್ಲ, ಸಭೆ ಬಿಡಲೂ ಇಲ್ಲ. ಪ್ರತಿ ಭಾನುವಾರ ತಾಯಿಯನ್ನು ಕರೆತಂದು ಮುಂದೆ ಕೂರಿಸಿ, ತಾನು ಗೋಡೆ ಪಕ್ಕ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಪಾದ್ರಿಯನ್ನು ಆರಿಸುವುದರಿಂದ ಹಿಡಿದು ಸೂರಿಗೆ ಬಣ್ಣ ಹೊಡೆಯುವವರೆಗೆ ನಾವು ಬ್ಯಾಪ್ಟಿಸ್ಟರು ಎಲ್ಲದಕ್ಕೂ ಕೈ ಎತ್ತಿ ಮತ ಹಾಕುವವರು. ಆಗೆಲ್ಲ ಅವಳ ಕೈ ಮಡಿಲಲ್ಲೇ ಇರುತ್ತಿತ್ತು, ದೀಕ್ಷೆಯಾಗದವರಿಗೆ ಮತವಿಲ್ಲ. ಮಳೆ ಬಂದರೆ ಎದ್ದು ಕಿಟಕಿ ಮುಚ್ಚುತ್ತಿದ್ದಳು. ಕಾಲೇಜಿನ ಕಥೆ ಎಲ್ಲರಿಗೂ ಗೊತ್ತಿತ್ತು, ಕ್ಲೋಟೀಲ್ ಬಾಯಿ ಸುಮ್ಮನಿರಬೇಕಲ್ಲ. "ಮಾಸ್ಬಿ ಟೀಚರ್ ಎದ್ರು ಅಂದ್ರೆ ಮಳೆ ಬಂತು ಅಂತ ಅರ್ಥ" ಎನ್ನುವುದು ಊರಿನ ಗಾದೆಯೇ ಆಗಿಹೋಯಿತು.

ಇತ್ತ ಟೆನಿ ಮಾತು ಉಳಿಸಿಕೊಂಡಳು. ಪ್ರಸಂಗ ಕಾವೇರಿದಾಗ ಎದ್ದು ನಿಲ್ಲುವಳು, ಕೈ ಎತ್ತುವಳು, ತುಟಿ ಮಾತ್ರ ಬಿಗಿ. ಮೈ ನಡುಗುತ್ತಿತ್ತು, ಸದ್ದಿಲ್ಲ. "ಏನು ಟೆನಿ, ಪವಿತ್ರಾತ್ಮನಿಗೆ ಬೀಗ ಹಾಕಿದ್ದೀಯಾ?" ಎಂದು ಓರಗೆಯ ಹೆಂಗಸರು ಚುಚ್ಚಿದರೆ, "ಬೀಗ ಅಲ್ಲವ್ವ, ಉಳಿತಾಯ," ಎನ್ನುತ್ತಿದ್ದಳು. ಆರ್ಡೀಲಿಯ ಕಿಟಕಿಯ ಪಕ್ಕದಿಂದ ತಾಯಿಯ ಬಿಗಿದ ತುಟಿ ನೋಡುತ್ತಿದ್ದಳು. ವರ್ಷಗಟ್ಟಲೆ ನೋಡಿದಳು. ಹೆಮ್ಮೆಯೂ ಆಗುತ್ತಿತ್ತು, ಕರುಳೂ ಹಿಂಡುತ್ತಿತ್ತು.

ಮೂವತ್ತು ವರ್ಷವೇ ಕಳೆಯಿತು. ಒಂದು ಅಕ್ಟೋಬರಿನ ಮಂಗಳವಾರ, ಶಾಲೆ ಬಿಟ್ಟು ಬಂದು, ಆರ್ಡೀಲಿಯ ಅಡುಗೆಮನೆಯಲ್ಲಿ ಸೊಪ್ಪು ತೊಳೆಯುತ್ತಿದ್ದಳು. ತಾಯಿಯ ಕಣ್ಣಿಗೆ ಪೊರೆ ಬಂದು ಲೋಕ ಮಸುಕಾಗುತ್ತಿತ್ತು. ಅವಳು ಹೊರಗಿನ ಕೋಣೆಯಲ್ಲಿ ಕುರ್ಚಿ ತೂಗಿಕೊಂಡು ಕೂತಿದ್ದಳು. ಆರ್ಡೀಲಿಯ ಎಂದಿನಂತೆ ತನ್ನ ಪಾಡಿಗೆ ಗೊಣಗುತ್ತಿದ್ದಳು. "ಮುದುಕಿಯ ಕಣ್ಣೂ ಕಿತ್ಕೊಂಡೆಯಲ್ಲ. ನಾನು ಕೇಳಿದ್ದೇನು, ಒಂದು ಮಾತು. ಆ ಒಂದು ಮಾತು ಆಡೋಕೆ ಏನು ದಾಡಿ ನಿನಗೆ? ಹನ್ನೆರಡು ವರ್ಷದವಳಿದ್ದಾಗಿಂದ ಬಾಯಿ ಬಡ್ಕೋತಿದ್ದೀನಿ."

"ಯಾರನ್ನೇ ಬೈತಿದ್ದೀಯ?" ಎಂದಳು ಟೆನಿ ಹೊರಗಿನಿಂದ.

"ಯಾರ..." ಎಂದು ಬಾಯಿ ತೆರೆದ ಆರ್ಡೀಲಿಯ ಹಾಗೇ ನಿಂತಳು.

ಯಾರನ್ನೂ ಇಲ್ಲ ಎನ್ನಬೇಕಿತ್ತು. ಪೊರಕೆ ಹಿಡಿದು ಕ್ಲೋಟೀಲ್‌ಗೆ ಎಷ್ಟು ಸಲೀಸಾಗಿ ಅಂದಿದ್ದಳು! ಈಗ ಆಗಲಿಲ್ಲ. ಯಾಕೆಂದರೆ ಅದು ಸುಳ್ಳು. ಇಷ್ಟು ವರ್ಷ ಬೆಳಗಾದರೆ, ಬೈಗಾದರೆ, ಮಗುವೊಂದು ಓದು ಕಲಿತರೆ, ಇನ್ನೊಂದು ಕಾಯಿಲೆ ಬಿದ್ದರೆ, ಅವಳು ಒಬ್ಬನಿಗೇ ವರದಿ ಒಪ್ಪಿಸಿದ್ದಳು, ಒಬ್ಬನ ಮೇಲೇ ಹರಿಹಾಯ್ದಿದ್ದಳು. ಇಲ್ಲದವನೊಡನೆ ಯಾರಾದರೂ ಇಷ್ಟು ಕಾಲ ಜಗಳವಾಡುತ್ತಾರೆಯೇ? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತಲ್ಲ ತನ್ನ ಕಥೆ. ಅವಳಿಗೆ ಮೊದಲು ನಗು ಬಂತು. ಆಮೇಲೆ ಅಳು ಬಂತು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಲೇ ಇತ್ತು.

"ಕೇಳಿಸ್ಲಿಲ್ವೇನೇ? ಯಾರನ್ನ?"

"ಭಾನುವಾರ ಹೇಳ್ತೀನಿ ಅಮ್ಮ," ಎಂದು ಆರ್ಡೀಲಿಯ ನಲ್ಲಿ ನಿಲ್ಲಿಸಿದಳು.

ಭಾನುವಾರ ಆಕಾಶ ತೊಳೆದಿಟ್ಟಂತೆ ಇತ್ತು, ಒಂದು ಚೂರು ಮೋಡವಿಲ್ಲ. ಪಾದ್ರಿ ಲೂಥರ್ ಬೈನಮ್ ಅವಳ ಕೈಯಲ್ಲೇ ಅಕ್ಷರ ಕಲಿತ ಹುಡುಗ. ಪ್ರಸಂಗ ಮುಗಿಸಿ, ಎಂದಿನಂತೆ ಮುಂದೆ ಒಂದು ಖಾಲಿ ಕುರ್ಚಿ ಹಾಕಿಸಿ, "ಸಭೆಯ ಬಾಗಿಲು ತೆರೆದಿದೆ. ಸೇರುವವರು ಬಂದು ಕೂರಬಹುದು," ಎಂದ. ಉಜ್ಜೀವನ ಕೂಟವಲ್ಲ, ಅಳುವ ಬೆಂಚಿಲ್ಲ, ಯಾರೂ ಬರುವ ನಿರೀಕ್ಷೆಯೂ ಇರಲಿಲ್ಲ. ಕೆಲವರು ಆಗಲೇ ಟೋಪಿ ಹುಡುಕುತ್ತಿದ್ದರು.

ಮಾಸ್ಬಿ ಟೀಚರ್ ಎದ್ದರು.

ನಾಲ್ಕೈದು ಜನ ಕಿಟಕಿಯಾಚೆ ನೋಡಿದರು. ಸ್ವಯಂಸೇವಕನೊಬ್ಬ ಓಡಿಹೋಗಿ ಕಿಟಕಿಯನ್ನು ಮುಚ್ಚಿಯೇಬಿಟ್ಟ. "ಏನು ಟೀಚರ್?" ಎಂದು ಲೂಥರ್ ವೇದಿಕೆಯಿಂದ ನಕ್ಕ. "ಮಳೆ ಇಲ್ವಲ್ಲ. ಗಾಳಿ ಜಾಸ್ತಿ ಆಯ್ತಾ?" ಸಭೆಯೆಲ್ಲ ನಕ್ಕಿತು.

ಆರ್ಡೀಲಿಯ ಕಿಟಕಿಯನ್ನು ದಾಟಿ ನಡೆದಳು. ಪಿಯಾನೋವನ್ನೂ ದಾಟಿದಳು. ಮುಂದೆ ಹೋಗಿ ಆ ಖಾಲಿ ಕುರ್ಚಿಯಲ್ಲಿ ಕೂತಳು. ನಗು ತುಂಡಾಯಿತು. ಮುಂದಿನ ಸಾಲಿನಲ್ಲಿ ಟೆನಿ ಪಕ್ಕದವಳ ತೋಳು ಹಿಡಿದು ಕೇಳುತ್ತಿದ್ದಳು: "ಯಾರದು? ಯಾರು ಕೂತದ್ದು? ಹೇಳ್ರೇ!"

ಲೂಥರನ ದನಿ ಹುಡುಗನ ದನಿಯಾಗಿಬಿಟ್ಟಿತು. "ಟೀಚರ್... ಏನು ಕಂಡಿರಿ ಅಂತ ಕೇಳ್ಬೇಕಾಗುತ್ತೆ ನಾನು."

"ಕೇಳಪ್ಪ. ಏನೂ ಕಾಣ್ಲಿಲ್ಲ. ನಕ್ಷತ್ರ ಬಾಗ್ಲಿಲ್ಲ, ಯಾರೂ ಕರೀಲಿಲ್ಲ. ಬಾ ಬಾ ಅಂತ ಒಬ್ಬನ ಜೊತೆ ಇಷ್ಟು ವರ್ಷ ಜಗಳ ಆಡ್ದೆ. ಯಾರನ್ನೇ ಬೈತಿದ್ದೀಯ ಅಂತ ಮೊನ್ನೆ ನಮ್ಮಮ್ಮ ಕೇಳಿದ್ಲು. ಯಾರನ್ನೂ ಇಲ್ಲ ಅನ್ನೋಕೆ ಹೋದೆ, ಆಗ್ಲಿಲ್ಲ. ಸುಳ್ಳಾಗ್ತಿತ್ತು." ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ಇಷ್ಟೇ ನನ್ನ ಸಾಕ್ಷಿ. ಸಾಲಲ್ಲ ಅಂದ್ರೆ ಹೇಳಿ, ಹೋಗಿ ನನ್ನ ಜಾಗದಲ್ಲಿ ಕೂತ್ಕೋತೀನಿ."

ಅವಳನ್ನು ಸಭೆಗೆ ಸೇರಿಸಿಕೊಳ್ಳುವುದನ್ನು ಮತಕ್ಕೆ ಹಾಕಿದರು. ಎತ್ತದ ಕೈ ಒಂದೂ ಇರಲಿಲ್ಲ. ಟೆನಿಯ ಎರಡೂ ಕೈ ಮೇಲಿದ್ದವು, ತುಟಿ ಮಾತ್ರ ಬಿಗಿ. "ಇನ್ನೂ ಇಲ್ಲ," ಎಂದಳು ತನ್ನಷ್ಟಕ್ಕೆ. "ನೀರಿಂದ ಏಳ್ಲಿ. ಒಂದ್ಸಲ ಮೋಸ ಹೋಗಿದ್ದೀನಿ."

ಮುಂದಿನ ಭಾನುವಾರ ಹಳ್ಳದ ದಡದಲ್ಲಿ ಅರ್ಧ ಜಿಲ್ಲೆ ನೆರೆದಿತ್ತು. ಕ್ಲೋಟೀಲ್ ಬರ್ಮಿಂಗ್‌ಹ್ಯಾಮಿನಿಂದ ಬಂದಿದ್ದಳು, ಇನ್ನಷ್ಟು ದುಂಡಗಾಗಿ. ಬಂದವಳೇ, "ನನ್ನ ಎರಡು ಕೋಳಿ ಕಾಲು ಎಲ್ಲಿ?" ಎಂದು ಕೈ ಚಾಚಿದಳು.

"ಒಲೆ ಮೇಲಿದೆ ಕಣೆ. ನಾನು ಮುಳುಗಿ ಏಳೋವರೆಗಾದ್ರೂ ತಡ್ಕೋ."

ಟೆನಿ ಪೆಟ್ಟಿಗೆಯಿಂದ ಆ ನಿಲುವಂಗಿಯನ್ನು ತಾನೇ ತೆಗೆದುಕೊಟ್ಟಿದ್ದಳು. ಬೆರಳಿನಿಂದ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಅಂಚಿನ ಕಲ್ಲುಗಳು ಅಲ್ಲೇ ಇವೆಯೆಂದು ಖಾತ್ರಿ ಮಾಡಿಕೊಂಡಿದ್ದಳು. ಬಿಳುಪು ಹಳದಿಗೆ ತಿರುಗಿತ್ತು. ಅಳತೆ ಸರಿಯಾಗಿ ಕೂತಿತು.

ಆರ್ಡೀಲಿಯ ಯಾರ ಕೈಯನ್ನೂ ಹಿಡಿಯದೆ ನೀರಿಗಿಳಿದಳು. ಹಳ್ಳ ತಣ್ಣಗಿತ್ತು, ಕಲ್ಲುಗಳು ಲಂಗವನ್ನು ಕೆಳಗೆ ಹಿಡಿದಿದ್ದವು. ಸೊಂಟದ ನೀರಿನಲ್ಲಿ ಲೂಥರ್ ಅವಳ ಬೆನ್ನಿಗೆ ಕೈ ಕೊಟ್ಟು, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ ಮುಳುಗಿಸಿ ಎತ್ತಿದ. ಅವಳು ಕಣ್ಣಿನ ನೀರು ಒರೆಸಿಕೊಂಡು ಮೊದಲು ದಡದತ್ತ ನೋಡಿದಳು. ಹಾಡು ನಿಂತಿತ್ತು. ಜನರೆಲ್ಲ ತಿರುಗಿ ನೋಡುತ್ತಿದ್ದದ್ದು ಅವಳನ್ನಲ್ಲ, ದಡದ ಕುರ್ಚಿಯಲ್ಲಿ ಕೂತಿದ್ದ ಮುದುಕಿಯನ್ನು.

"ಎದ್ಲಾ?" ಎಂದು ಕೇಳಿದಳು ಟೆನಿ, ಕಾಣದ ಕಣ್ಣನ್ನು ನೀರಿನತ್ತ ತಿರುಗಿಸಿ.

"ಎದ್ದೆ ಅಮ್ಮ," ಎಂದಳು ಆರ್ಡೀಲಿಯ.

ಟೆನಿ ಮಾಸ್ಬಿ ಕುರ್ಚಿಯ ತೋಳು ಹಿಡಿದು ಮೇಲೆದ್ದಳು, ಎರಡೂ ಕೈ ಎತ್ತಿದಳು, ಬಾಯಿ ತೆರೆದಳು. ಅಷ್ಟು ವರ್ಷ ಎತ್ತಿಟ್ಟದ್ದರಲ್ಲಿ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಹಳ್ಳದ ಆಚೆಯ ಹೊಲದಲ್ಲಿ ಹೇಸರಗತ್ತೆಗಳು ಕಿವಿ ನಿಗುರಿಸಿದವು.